ಯಾವ ದೋಷಕ್ಕೆ ಎನ್‌ಸಿಆರ್ ಬರೆಯಬೇಕು, ಯಾವುದಕ್ಕೆ ರಿಜಿಸ್ಟರ್‌ನ ಒಂದು ಸಾಲು ಸಾಕು: ತಯಾರಿಕಾ ಘಟಕಗಳಿಗೆ ಸಮಗ್ರ ಮಾರ್ಗದರ್ಶಿ

ರಾತ್ರಿ ಪಾಳಿಯಲ್ಲಿ ಗ್ರೈಂಡಿಂಗ್ ಆದ ಒಂದು ಶಾಫ್ಟ್ ನಿಮ್ಮ ಮೇಜಿನ ಮೇಲಿದೆ ಎಂದುಕೊಳ್ಳಿ. ಡ್ರಾಯಿಂಗ್‌ನಲ್ಲಿ ವ್ಯಾಸ 25 ಎಚ್6 ಎಂದಿದೆ. ಅಂದರೆ 25.000 ಮಿ.ಮೀ.ಗಿಂತ ಹೆಚ್ಚಿರಬಾರದು, 24.987ಕ್ಕಿಂತ ಕಡಿಮೆ ಇರಬಾರದು. ಮೈಕ್ರೊಮೀಟರ್ 24.984 ತೋರಿಸುತ್ತಿದೆ. ಮೂರು ಮೈಕ್ರಾನ್ ಕಡಿಮೆ. ಪ್ರೊಡಕ್ಷನ್ ಮೇಲ್ವಿಚಾರಕರು "ಮೂರು ಮೈಕ್ರಾನ್ ತಾನೇ, ಬಿಟ್ಟುಬಿಡಿ" ಎನ್ನುತ್ತಾರೆ. ಗುಣಮಟ್ಟ ವಿಭಾಗದ ಹೊಸ ಹುಡುಗ ಎನ್‌ಸಿಆರ್ (ನಾನ್‌ಕನ್ಫಾರ್ಮೆನ್ಸ್ ರಿಪೋರ್ಟ್, ಅಂದರೆ ಅಗತ್ಯಕ್ಕೆ ಹೊಂದದ ವಸ್ತುವಿನ ಔಪಚಾರಿಕ ವರದಿ) ಫಾರ್ಮ್ ಹುಡುಕುತ್ತಿದ್ದಾನೆ. ಅದೇ ಹೊತ್ತಿಗೆ ಪಕ್ಕದ ಯಂತ್ರದಲ್ಲಿ ಇಡೀ ಒಂದು ಮಿಲಿಮೀಟರ್ ಬರ್ (ಕತ್ತರಿಸಿದ ಅಂಚಿನಲ್ಲಿ ಚಾಚಿಕೊಳ್ಳುವ ಲೋಹದ ಚೂರು) ಉಳಿದಿರುವ ಹೌಸಿಂಗ್ ಬಂದಿದೆ. ಅದರ ಬಗ್ಗೆ ಯಾರೂ ತಲೆ ಕೆಡಿಸಿಕೊಂಡಿಲ್ಲ, ಅರದಿಂದ ಉಜ್ಜಿ ಟ್ರೇಗೆ ಹಾಕಿದ್ದಾರೆ.

ಇಬ್ಬರಲ್ಲಿ ಸರಿ ಯಾರು? ಹೊಸ ಹುಡುಗನೇ ಸರಿ. ಬರ್ ಉಜ್ಜಿದವನೂ ಬಹುಮಟ್ಟಿಗೆ ಸರಿ. ದೋಷ ಎಷ್ಟು ದೊಡ್ಡದು ಎಂಬ ಅಳತೆಯಿಂದ ಎನ್‌ಸಿಆರ್ ಬೇಕೋ ಬೇಡವೋ ಎಂದು ನಿರ್ಧರಿಸಲು ಹೊರಟವರು ಇಲ್ಲೇ ಎಡವುತ್ತಾರೆ. ಕೇಳಬೇಕಾದದ್ದು ಇಷ್ಟು: ಈ ವಸ್ತುವಿನ ಬಗ್ಗೆ ಮುಂದಿನ ತೀರ್ಮಾನ ತೆಗೆದುಕೊಳ್ಳುವ ಅಧಿಕಾರ ಯಂತ್ರದ ಮುಂದೆ ನಿಂತವರಿಗೆ ಇದೆಯೇ, ಇಲ್ಲವೇ? ಇದ್ದರೆ ರಿಜಿಸ್ಟರ್‌ನಲ್ಲಿ ಒಂದು ಸಾಲು ಸಾಕು. ಬೇರೆ ಯಾರಾದರೂ ತೀರ್ಮಾನಿಸಬೇಕಿದ್ದರೆ ಅಥವಾ ಬೇರೆ ಯಾರಿಗಾದರೂ ತಿಳಿಯಲೇಬೇಕಿದ್ದರೆ ಔಪಚಾರಿಕ ವರದಿ ಬೇಕು. ಈ ಮಾರ್ಗದರ್ಶಿಯ ಉಳಿದ ಭಾಗವೆಲ್ಲ ಇದೇ ಪ್ರಶ್ನೆಯನ್ನು ಬೇರೆಬೇರೆ ಸಂದರ್ಭಗಳಿಗೆ ಅನ್ವಯಿಸುವ ಕೆಲಸ.

ಮಾನದಂಡ ನಿಜವಾಗಿ ಕೇಳುವುದೇನು

ಗುಣಮಟ್ಟ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 9001:2015ರ 8.7ನೇ ವಿಭಾಗ ಅಗತ್ಯಗಳಿಗೆ ಹೊಂದದ ಉತ್ಪನ್ನದ ನಿಯಂತ್ರಣದ ಬಗ್ಗೆ ಹೇಳುತ್ತದೆ. ಅಲ್ಲಿ ಎನ್‌ಸಿಆರ್ ಎಂಬ ಫಾರ್ಮ್‌ನ ಹೆಸರೇ ಇಲ್ಲ. ದಾಖಲೆಯಲ್ಲಿ ಇರಬೇಕಾದ ನಾಲ್ಕು ಸಂಗತಿಗಳನ್ನು ಮಾತ್ರ ಅದು ಕೇಳುತ್ತದೆ: ಏನು ಹೊಂದಲಿಲ್ಲ, ಏನು ಕ್ರಮ ಕೈಗೊಂಡಿರಿ, ವಿನಾಯಿತಿ ಪಡೆದಿದ್ದರೆ ಅದರ ವಿವರ, ತೀರ್ಮಾನಿಸಿದ ಅಧಿಕಾರಿ ಯಾರು. ಈ ನಾಲ್ಕನ್ನೂ ರಿವರ್ಕ್ ರಿಜಿಸ್ಟರ್‌ನ ಒಂದೇ ಸಾಲಿನಲ್ಲಿ ಬರೆದರೂ ಮಾನದಂಡಕ್ಕೆ ತೃಪ್ತಿಯೇ. ಹಾಗಾಗಿ ಬರೆಯದೇ ಬಿಡುವ ಆಯ್ಕೆ ಯಾರಿಗೂ ಇಲ್ಲ, ಎಲ್ಲಿ ಬರೆಯಬೇಕು ಎಂಬ ಆಯ್ಕೆ ಮಾತ್ರ ಇದೆ. ಪ್ರತಿ ಗೀರಿಗೂ ಎರಡು ಪುಟದ ಫಾರ್ಮ್ ತುಂಬಿಸುವ ಕಂಪನಿಗಳಿಗೆ ಆ ಪದ್ಧತಿಯನ್ನು ಕಲಿಸಿದ್ದು ಮಾನದಂಡವಲ್ಲ, ಭಯ. ಗುಣಮಟ್ಟದ ಆಡಿಟರ್‌ಗಳು ಬಂದಾಗ ಕಡತ ದಪ್ಪಗಿರಬೇಕು ಎಂಬ ಭಯ.

ಇನ್ನು ನಾಲ್ಕು ಪದಗಳ ವಿಷಯದಲ್ಲಿ ಎಲ್ಲರೂ ಒಂದೇ ಅರ್ಥ ಇಟ್ಟುಕೊಳ್ಳದಿದ್ದರೆ ಮುಂದಿನ ಯಾವ ಹೆಜ್ಜೆಯೂ ಸಾಗುವುದಿಲ್ಲ. ಪದಗಳ ಅರ್ಥ ಕೊಡುವ ಐಎಸ್‌ಒ 9000 ಹೇಳುವ ಪ್ರಕಾರ, ರಿವರ್ಕ್ ಎಂದರೆ ವಸ್ತು ಪೂರ್ತಿಯಾಗಿ ಡ್ರಾಯಿಂಗ್‌ಗೆ ಹೊಂದುವಂತೆ ಮಾಡುವುದು. ರಿಪೇರಿ ಎಂದರೆ ಬಳಕೆಗೆ ಯೋಗ್ಯವಾಗುವಂತೆ ಮಾಡುವುದು, ಡ್ರಾಯಿಂಗ್‌ಗೆ ಅದು ಆಮೇಲೂ ಪೂರ್ತಿ ಹೊಂದದೇ ಇರಬಹುದು. ಕನ್ಸೆಷನ್ ಎಂದರೆ ಹೊಂದದ ವಸ್ತುವನ್ನು ಹಾಗೆಯೇ ಬಳಸಲು ಅಥವಾ ಕಳಿಸಲು ಪಡೆದ ಅನುಮತಿ. ಅದನ್ನೇ ತಯಾರಿಸುವ ಮೊದಲೇ ಪಡೆದರೆ ಡೀವಿಯೇಷನ್ ಪರ್ಮಿಟ್. ನಮ್ಮ ಕಾರ್ಖಾನೆಗಳಲ್ಲಿ ರಿವರ್ಕ್ ಮತ್ತು ರಿಪೇರಿಯನ್ನು ಒಂದೇ ಉಸಿರಿನಲ್ಲಿ ಹೇಳುವುದು ರೂಢಿ. ಎನ್‌ಸಿಆರ್ ತಪ್ಪಿಹೋಗುವ ಜಾಗ ಬಹುಪಾಲು ಇದೇ.

ಮೊದಲ ಹೆಜ್ಜೆ: ಅದು ನಿಜವಾಗಿಯೂ ಹೊಂದದ ವಸ್ತುವೇ?

ಶಾಫ್ಟ್ 25.018 ಇದ್ದಿದ್ದರೆ ಅದು ದೋಷವಲ್ಲ, ಮುಗಿಯದ ಕೆಲಸ. ಆಪರೇಟರ್ ಇನ್ನೊಂದು ಪಾಸ್ ಕೊಡುತ್ತಾನೆ. ಆ ಹಂತದ ಕೆಲಸ ಮುಗಿಯಿತೆಂದು ರೂಟ್ ಕಾರ್ಡ್‌ಗೆ (ವಸ್ತುವಿನ ಜೊತೆ ಸಾಗುವ ಕೆಲಸದ ಹಂತಗಳ ಚೀಟಿ) ಸಹಿ ಬೀಳುವವರೆಗೆ ಅದು ಪ್ರಕ್ರಿಯೆಯ ಒಳಗಿದೆ. ಸಹಿ ಬಿದ್ದ ಮೇಲೆ, ಅಥವಾ ತಪಾಸಣೆಗೆ ಒಪ್ಪಿಸಿದ ಮೇಲೆ ಸಿಕ್ಕಿದ್ದು ಮಾತ್ರ ಹೊಂದದ ವಸ್ತು. ಈ ಗೆರೆಯನ್ನು ಎಲ್ಲಿ ಎಳೆಯುತ್ತೀರಿ ಎಂಬುದನ್ನು ನಿಮ್ಮ ಕಾರ್ಯವಿಧಾನದಲ್ಲಿ ಬರೆದಿಡಿ. ಬರೆಯದಿದ್ದರೆ ಪ್ರತಿ ಪಾಳಿಯೂ ತನಗೆ ಬೇಕಾದ ಕಡೆ ಎಳೆದುಕೊಳ್ಳುತ್ತದೆ.

ಎರಡನೆಯದಾಗಿ ಅಳತೆಯನ್ನೇ ಅನುಮಾನಿಸಿ, ಆದರೆ ಕ್ರಮಬದ್ಧವಾಗಿ. ಅಳತೆಗಳಿಗೆ ಅಂತರರಾಷ್ಟ್ರೀಯ ಆಧಾರ ತಾಪಮಾನ 20 ಡಿಗ್ರಿ ಸೆಲ್ಸಿಯಸ್. ಉಕ್ಕು ಪ್ರತಿ ಮೀಟರ್‌ಗೆ ಪ್ರತಿ ಡಿಗ್ರಿಗೆ ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆ. ಯಂತ್ರದಿಂದ ಈಗಷ್ಟೇ ಇಳಿದ 25 ಮಿ.ಮೀ. ಶಾಫ್ಟ್ ಮೈಕ್ರೊಮೀಟರ್‌ಗಿಂತ 10 ಡಿಗ್ರಿ ಬಿಸಿಯಾಗಿದ್ದರೆ ಅಳತೆ ಸುಮಾರು 3 ಮೈಕ್ರಾನ್ ಹೆಚ್ಚಾಗಿ ಕಾಣುತ್ತದೆ. ಬಿಸಿಯಲ್ಲಿ 24.988 ಎಂದು ಪಾಸಾದದ್ದು ತಣಿದ ಮೇಲೆ 24.985 ಆಗುತ್ತದೆ. ಕೆಳಮಿತಿಯ ಅಂಚಿನಲ್ಲಿ ಬಿಸಿ ಶಾಫ್ಟ್‌ನ ಅಳತೆ ಮೋಸ ಮಾಡುವುದು ಆಪರೇಟರ್‌ಗೆ ಹಿತವಾದ ದಿಕ್ಕಿನಲ್ಲಿ ಎಂಬುದನ್ನು ನೆನಪಿಡಿ. ತಪಾಸಣಾ ಕೊಠಡಿಯಲ್ಲಿ ಉಪಕರಣದ ಪಕ್ಕದಲ್ಲೇ ಇಟ್ಟು ತಣಿಸಿ, ಬೇರೆ ಕ್ಯಾಲಿಬ್ರೇಟೆಡ್ (ನಿಖರತೆ ಪರೀಕ್ಷಿಸಿದ) ಉಪಕರಣದಿಂದ, ಬೇರೆ ವ್ಯಕ್ತಿಯಿಂದ ಒಮ್ಮೆ ಅಳೆಸಿ. ಒಮ್ಮೆ ಮಾತ್ರ. "ಓಕೆ" ಬರುವವರೆಗೆ ಅಳೆಯುತ್ತಲೇ ಇರುವುದು ಮರುಪರಿಶೀಲನೆಯಲ್ಲ, ಲಾಟರಿ. ಎರಡು ಅಳತೆ ಬೇರೆಬೇರೆಯಾದರೆ ಯಾವುದು ಲೆಕ್ಕಕ್ಕೆ ಎಂಬ ನಿಯಮ ಮೊದಲೇ ಬರೆದಿರಬೇಕು. ಮಿತಿಯ ಅಂಚಿನಲ್ಲಿ ಅಳತೆಯ ಅನಿಶ್ಚಿತತೆಯನ್ನು ಹೇಗೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂಬುದಕ್ಕೆ ಐಎಸ್‌ಒ 14253-1 ದಾರಿ ತೋರಿಸುತ್ತದೆ, ಗ್ರಾಹಕರ ಜೊತೆ ಬೇರೆ ಒಪ್ಪಂದ ಇದ್ದರೆ ಅದೇ ಅಂತಿಮ.

ಎರಡನೇ ಹೆಜ್ಜೆ: ಮೊದಲು ಬೇರ್ಪಡಿಸಿ, ಆಮೇಲೆ ಚರ್ಚಿಸಿ

ಇದರಲ್ಲಿ ಹೇಳುವುದು ಹೆಚ್ಚಿಲ್ಲ. ವಸ್ತುವಿಗೆ ಟ್ಯಾಗ್ ಕಟ್ಟಿ, ಬೀಗವಿರುವ ಕೆಂಪು ಪೆಟ್ಟಿಗೆಗೆ ಅಥವಾ ಗುರುತು ಹಾಕಿದ ಹೋಲ್ಡ್ ಜಾಗಕ್ಕೆ ಸಾಗಿಸಿ. ಬೀಗದ ಕೈ ಪ್ರೊಡಕ್ಷನ್‌ನವರ ಬಳಿ ಇರಬಾರದು. ಕೊನೆಯ ಬಾರಿ ಸರಿಯಾಗಿದೆ ಎಂದು ಅಳೆದ ತುಣುಕಿನವರೆಗೆ ಹಿಂದಕ್ಕೆ ಹೋಗಿ, ನಡುವಿನದೆಲ್ಲವನ್ನೂ ಹೋಲ್ಡ್ ಮಾಡಿ. ಪ್ರತಿ ಹತ್ತನೇ ತುಣುಕನ್ನು ಅಳೆಯುವ ಪದ್ಧತಿ ಇದ್ದರೆ, ಒಂದು ತಪ್ಪು ಸಿಕ್ಕಿತು ಎಂದರೆ ಅನುಮಾನದಲ್ಲಿರುವುದು ಹತ್ತು ತುಣುಕು. ಅನುಮಾನದಲ್ಲಿರುವ ವಸ್ತುವನ್ನೂ ಹೊಂದದ ವಸ್ತುವಿನಂತೆಯೇ ನಡೆಸಿಕೊಳ್ಳಬೇಕು ಎಂದು ವಾಹನ ಉದ್ಯಮದ ಐಎಟಿಎಫ್ 16949 ಸ್ಪಷ್ಟವಾಗಿಯೇ ಹೇಳುತ್ತದೆ.

ಮೂರನೇ ಹೆಜ್ಜೆ: ಪ್ರಶ್ನೆಗಳ ಜರಡಿ

ಈಗ ಮುಖ್ಯ ಭಾಗ. ಕೆಳಗಿನ ಪ್ರಶ್ನೆಗಳಲ್ಲಿ ಯಾವುದೇ ಒಂದಕ್ಕೆ ಎನ್‌ಸಿಆರ್ ಕಡೆಗಿನ ಉತ್ತರ ಬಂದರೂ ಅಲ್ಲಿಗೆ ನಿಲ್ಲಿಸಿ, ಬರೆಯಿರಿ. ಎಲ್ಲ ಪ್ರಶ್ನೆಗಳಲ್ಲೂ ಪಾರಾದರೆ ಮಾತ್ರ ರಿಜಿಸ್ಟರ್‌ನ ಸಾಲು.

ಮೊದಲನೆಯದು: ಅನುಮೋದಿತ ಪ್ರಕ್ರಿಯೆಯ ಒಳಗೇ ಇದನ್ನು ಪೂರ್ತಿ ಡ್ರಾಯಿಂಗ್‌ಗೆ ತರಬಹುದೇ? 40 ಎಚ್7 ರಂಧ್ರ (40.000ರಿಂದ 40.025 ಇರಬೇಕು) 39.992 ಬಂದಿದೆ. ಅದೇ ಫಿಕ್ಸ್‌ಚರ್, ಅದೇ ಬೋರಿಂಗ್ ಬಾರ್, ಇನ್ನೊಂದು ಕಟ್, ಮತ್ತೆ ತಪಾಸಣೆ. ಪ್ರಕ್ರಿಯಾ ಹಾಳೆಯಲ್ಲಿ ಈ ರಿವರ್ಕ್‌ಗೆ ಸೂಚನೆ ಇದ್ದರೆ ರಿಜಿಸ್ಟರ್ ಸಾಕು. ಅದೇ ರಂಧ್ರ 40.031 ಬಂದಿದ್ದರೆ? ಮಿತಿ 40.025. ತೆಗೆದ ಲೋಹ ವಾಪಸ್ ಬರುವುದಿಲ್ಲ. ಬುಷ್ ಹಾಕುವುದು, ಹಾಗೆಯೇ ಬಿಡುವುದು, ಸ್ಕ್ರ್ಯಾಪ್ ಮಾಡುವುದು, ಯಾವುದಾದರೂ ಸರಿ, ಅದು ಆಪರೇಟರ್‌ನ ತೀರ್ಮಾನವಲ್ಲ. ಎನ್‌ಸಿಆರ್. ನಮ್ಮ ಮೂರು ಮೈಕ್ರಾನ್ ಶಾಫ್ಟ್ ಕೂಡ ಇದೇ ಸಾಲಿಗೆ ಸೇರುತ್ತದೆ. "ಹಾರ್ಡ್ ಕ್ರೋಮ್ ಹಾಕಿಸಿ ಮತ್ತೆ ಗ್ರೈಂಡ್ ಮಾಡೋಣ" ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಅಳತೆ ಸರಿಹೋಗುತ್ತದೆ, ನಿಜ. ಆದರೆ ಡ್ರಾಯಿಂಗ್‌ನಲ್ಲಿ ಇಲ್ಲದ ಒಂದು ಪದರ ಸೇರುತ್ತದೆ, ಮತ್ತೆಮತ್ತೆ ಬೀಳುವ ಹೊರೆಯನ್ನು ತಾಳುವ ಶಾಫ್ಟ್‌ನ ಶಕ್ತಿ ಕುಗ್ಗಬಹುದು. ಇದು ರಿವರ್ಕ್ ಅಲ್ಲ, ರಿಪೇರಿ. ವಾಹನ ಉದ್ಯಮದಲ್ಲಿ ರಿಪೇರಿ ಮಾಡಿದ ವಸ್ತುವಿಗೆ ಗ್ರಾಹಕರ ಲಿಖಿತ ಕನ್ಸೆಷನ್ ಬೇಕು. ವಿಮಾನ ಉದ್ಯಮದ ಎಎಸ್ 9100ರಲ್ಲಿ ರಿಪೇರಿಗೂ "ಇದ್ದಂತೆ ಬಳಸಿ" ಎಂಬ ತೀರ್ಮಾನಕ್ಕೂ ವಿನ್ಯಾಸದ ಹೊಣೆ ಹೊತ್ತ ಸಂಸ್ಥೆಯ ಅಧಿಕೃತ ಪ್ರತಿನಿಧಿಯೋ ಅವರು ಅಧಿಕಾರ ವಹಿಸಿಕೊಟ್ಟವರೋ ಒಪ್ಪಬೇಕು. ಡ್ರಾಯಿಂಗ್ ನಿಮ್ಮದಲ್ಲದಿದ್ದರೆ, ಅಂದರೆ ನೀವು ಪೀಣ್ಯದಲ್ಲೋ ಬೊಮ್ಮಸಂದ್ರದಲ್ಲೋ ಬೇರೆಯವರ ಡ್ರಾಯಿಂಗ್‌ಗೆ ತಕ್ಕಂತೆ ಮಾಡಿಕೊಡುವ ಜಾಬ್ ವರ್ಕ್ ಘಟಕವಾಗಿದ್ದರೆ, ಆ ಮೂರು ಮೈಕ್ರಾನ್ "ಬಿಡುವ" ಅಧಿಕಾರ ನಿಮ್ಮ ಜನರಲ್ ಮ್ಯಾನೇಜರ್‌ಗೂ ಇಲ್ಲ.

ಎರಡನೆಯದು: ದೋಷ ಎಲ್ಲಿ ಸಿಕ್ಕಿತು? ಹೈಡ್ರಾಲಿಕ್ ವಾಲ್ವ್ ಬಾಡಿಯಲ್ಲಿ ಎರಡು ರಂಧ್ರಗಳು ಕೂಡುವ ಜಾಗದಲ್ಲಿ ಬರ್ ಉಳಿಯುವುದು ಸಾಮಾನ್ಯ. ಡಿಬರಿಂಗ್ ಬೆಂಚಿನ ಮೇಲೆ ಸಿಕ್ಕರೆ ಅದನ್ನು ತೆಗೆಯುವುದೇ ಆ ಬೆಂಚಿನ ಕೆಲಸ, ರಿಜಿಸ್ಟರ್ ಕೂಡ ಬೇಡ. ಅಂತಿಮ ತಪಾಸಣೆಯಲ್ಲಿ ಸಿಕ್ಕರೆ ರಿವರ್ಕ್ ರಿಜಿಸ್ಟರ್. ಜೋಡಣೆಯಾಗಿ, ಎಣ್ಣೆ ಹಾಯಿಸಿ, ಪರೀಕ್ಷೆಯಲ್ಲಿ ಸ್ಪೂಲ್ (ವಾಲ್ವ್‌ನೊಳಗೆ ಸರಿದಾಡುವ ದಂಡ) ಸಿಕ್ಕಿಹಾಕಿಕೊಂಡು ಬಿಚ್ಚಿದಾಗ ಅದೇ ಬರ್‌ನ ಚೂರು ಸಿಕ್ಕರೆ ಎನ್‌ಸಿಆರ್ ಬರೆಯಲೇಬೇಕು. ಲೋಹದ ಚೂರು ಒಂದೇ, ಅದರ ಗಾತ್ರವೂ ಅಷ್ಟೇ. ಆದರೆ ಮೂರನೇ ಸಂದರ್ಭದಲ್ಲಿ ನಿಮ್ಮ ಎರಡು ತಪಾಸಣೆಗಳು ಸೋತಿವೆ, ಪರೀಕ್ಷಾ ಬೆಂಚಿನ ಎಣ್ಣೆ ಕಲುಷಿತವಾಗಿರಬಹುದು, ಅದೇ ಬೆಂಚಿನಲ್ಲಿ ಬೆಳಗ್ಗೆಯಿಂದ ಪಾಸಾದ ಉಳಿದ ವಾಲ್ವ್‌ಗಳ ಕಥೆ ಏನು ಎಂದು ಯಾರೋ ಯೋಚಿಸಬೇಕಾಗಿದೆ.

ಮೂರನೆಯದು: ಅಳೆದು ಅಥವಾ ನೋಡಿ ದೋಷ ಹೋಯಿತೆಂದು ಖಚಿತಪಡಿಸಿಕೊಳ್ಳಬಹುದೇ? ಶಾಖೋಪಚಾರ, ಲೇಪನ, ಬೆಸುಗೆ, ಅಂಟು, ಇವುಗಳ ಫಲಿತಾಂಶ ಹೊರಗೆ ಕಾಣುವುದಿಲ್ಲ. ಗಡಸು ಬೋಲ್ಟ್‌ಗಳ ಉದಾಹರಣೆ ತೆಗೆದುಕೊಳ್ಳಿ. 12.9 ದರ್ಜೆಯ ಬೋಲ್ಟ್‌ಗೆ ವಿದ್ಯುತ್ ಲೇಪನದಿಂದ ಸತು ಹಾಕುವಾಗ ಆಮ್ಲದಿಂದಲೂ ಲೇಪನದಿಂದಲೂ ಹೈಡ್ರೊಜನ್ ಉಕ್ಕಿನೊಳಗೆ ಸೇರುತ್ತದೆ. ಅದನ್ನು ಹೊರಹಾಕಲು ಲೇಪನವಾದ ನಾಲ್ಕು ಗಂಟೆಯೊಳಗೆ ಒಲೆಗೆ ಹಾಕಿ, ಸುಮಾರು 190ರಿಂದ 220 ಡಿಗ್ರಿಯಲ್ಲಿ ಗಂಟೆಗಟ್ಟಲೆ ಕಾಯಿಸಬೇಕು ಎಂಬುದು ಸಾಮಾನ್ಯ ಷರತ್ತು. ವಿದ್ಯುತ್ ಹೋಗಿ ಒಲೆಗೆ ಹಾಕುವುದು ಏಳು ಗಂಟೆ ತಡವಾಯಿತು ಎನ್ನಿ. ಬೋಲ್ಟ್ ಹೊಳೆಯುತ್ತಿದೆ, ಥ್ರೆಡ್ ಗೇಜ್ ಸಲೀಸಾಗಿ ಹೋಗುತ್ತಿದೆ, ಗಡಸುತನ ಸರಿಯಾಗಿದೆ. ಆದರೂ ಬಿಗಿ ಮಾಡಿ ಹಲವು ಗಂಟೆ ಅಥವಾ ದಿನಗಳಾದ ಮೇಲೆ ಅದು ತಾನಾಗಿ ಮುರಿಯಬಹುದು. ಇಂಥಲ್ಲಿ ವಸ್ತುವಿನಲ್ಲಿ ದೋಷ ತೋರಿಸಲಾಗದಿದ್ದರೂ ಪ್ರಕ್ರಿಯೆ ತಪ್ಪಿದ್ದೇ ಎನ್‌ಸಿಆರ್‌ಗೆ ಸಾಕು. ಶಾಖೋಪಚಾರದಲ್ಲೂ ಹೀಗೆಯೇ. 58ರಿಂದ 62 ಎಚ್‌ಆರ್‌ಸಿ (ಗಡಸುತನದ ರಾಕ್‌ವೆಲ್ ಅಳತೆ) ಬೇಕಿದ್ದ ಕಡೆ 55 ಬಂದರೆ "ಮತ್ತೊಮ್ಮೆ ಹಾರ್ಡನ್ ಮಾಡಿ" ಎನ್ನುವುದು ಸುಲಭ. ಆದರೆ ಎರಡನೇ ಬಾರಿ ಕಾಯಿಸಿದರೆ ಗಟ್ಟಿಪದರದ ಆಳ, ಹರಳಿನ ಗಾತ್ರ, ಸೊಟ್ಟಾಗುವಿಕೆ ಎಲ್ಲವೂ ಬದಲಾಗಬಹುದು. ಮರು-ಹಾರ್ಡನಿಂಗ್‌ಗೆ ಅನುಮೋದಿತ ವಿಧಾನ ಮೊದಲೇ ಇದ್ದರೆ ಮಾತ್ರ ಅದು ರಿವರ್ಕ್.

ನಾಲ್ಕನೆಯದು: ಡ್ರಾಯಿಂಗ್‌ನಲ್ಲಿ ಆ ಅಳತೆಗೆ ಸುರಕ್ಷತಾ ಅಥವಾ ವಿಶೇಷ ಲಕ್ಷಣದ ಗುರುತು ಇದೆಯೇ? ಇದ್ದರೆ ರಿವರ್ಕ್ ಆಗಿ ಸರಿಹೋದರೂ ಬರೆಯಿರಿ. ಇದು ಮಾನದಂಡದ ಕಡ್ಡಾಯವಲ್ಲ, ನನ್ನ ಸಲಹೆ. ಬ್ರೇಕ್, ಸ್ಟಿಯರಿಂಗ್, ಒತ್ತಡ ತಾಳುವ ಭಾಗಗಳಲ್ಲಿ ಇದರ ಮೇಲೆ ರಾಜಿ ಬೇಡ. ಐಎಟಿಎಫ್ ಅಂತೂ ಯಾವುದೇ ರಿವರ್ಕ್‌ಗೆ ಮೊದಲು ಅಪಾಯದ ವಿಶ್ಲೇಷಣೆ ಮಾಡಿರಬೇಕು ಎನ್ನುತ್ತದೆ. ವೈದ್ಯಕೀಯ ಉಪಕರಣಗಳ ಐಎಸ್‌ಒ 13485 ಕೂಡ ರಿವರ್ಕ್‌ನಿಂದ ಆಗಬಹುದಾದ ಕೆಡುಕನ್ನು ಲೆಕ್ಕಹಾಕಿಯೇ ಮುಂದುವರಿಯಿರಿ ಎನ್ನುತ್ತದೆ.

ಐದನೆಯದು: ಇದು ಎಷ್ಟನೇ ಸಲ? ಒಂದೊಂದಾಗಿ ನೋಡಿದರೆ ಕ್ಷುಲ್ಲಕವಾದದ್ದು ಒಟ್ಟಿಗೆ ನೋಡಿದಾಗ ಬೇರೆ ಕಥೆ ಹೇಳುತ್ತದೆ. ಸಂಖ್ಯೆಯನ್ನು ನಿಮ್ಮ ಉತ್ಪಾದನೆಯ ಪ್ರಮಾಣ ನೋಡಿ ನೀವೇ ನಿಗದಿಪಡಿಸಿ. ಆರಂಭಕ್ಕೆ, ಒಂದೇ ಯಂತ್ರದಲ್ಲಿ ಒಂದೇ ದೋಷ ವಾರದಲ್ಲಿ ಮೂರು ಸಲ ಬಂದರೆ ಎನ್‌ಸಿಆರ್ ಎಂದಿಟ್ಟುಕೊಳ್ಳಬಹುದು. ಸ್ಕ್ರ್ಯಾಪ್‌ಗೂ ಇದೇ ಉಪಾಯ: ಯಂತ್ರ ಹೊಂದಿಸುವಾಗ ಕೆಲವು ಸೆಟ್ಟಿಂಗ್ ತುಣುಕುಗಳು ಹಾಳಾಗಿ ಹೋಗುವುದು ನಿರೀಕ್ಷಿತ, ಅದಕ್ಕೆ ಸ್ಕ್ರ್ಯಾಪ್ ಚೀಟಿ ಸಾಕು. ಆ ಮಿತಿ ಮೀರಿದ ಕ್ಷಣದಿಂದ ವರದಿ.

ಆರನೆಯದು: ವಿಷಯ ನಿಮ್ಮ ಗೋಡೆಯ ಹೊರಗೆ ಹೋಗುತ್ತದೆಯೇ? ಸರಬರಾಜುದಾರರ ವಸ್ತು, ಗ್ರಾಹಕರು ಕೊಟ್ಟ ಕಚ್ಚಾವಸ್ತು ಅಥವಾ ಟೂಲ್, ಈಗಾಗಲೇ ರವಾನೆಯಾದ ಮಾಲು, ಮೂರರಲ್ಲೂ ಎನ್‌ಸಿಆರ್. ಬೆಳಗಾವಿಯ ಫೌಂಡ್ರಿಯಿಂದ ಬಂದ ಎರಕ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ. ಬೆಂಗಳೂರಿನಲ್ಲಿ ಮೂರು ಮಿಲಿಮೀಟರ್ ತೆಗೆದಾಗ ಸೀಲಿಂಗ್ ಮುಖದ ಮೇಲೆ ಬ್ಲೋಹೋಲ್ (ಎರಕದೊಳಗೆ ಅನಿಲ ಸಿಕ್ಕಿ ಆದ ಪೊಳ್ಳು) ಬಾಯಿ ತೆರೆಯುತ್ತದೆ. ಮೆಷಿನಿಂಗ್ ಮಾಡುವವನ ಶ್ರಮ ಹೋಯಿತು, ಫೌಂಡ್ರಿಯವನ ಲೋಹ ಹೋಯಿತು. ಇಲ್ಲಿ ಬಾಯಿಮಾತಿನ ತೀರ್ಮಾನದಿಂದ ಜಗಳ ಬಿಟ್ಟು ಬೇರೇನೂ ಹುಟ್ಟುವುದಿಲ್ಲ. ಹೀಟ್ ನಂಬರ್ (ಒಂದು ಸಲ ಕರಗಿಸಿದ ಲೋಹದ ಗುರುತಿನ ಸಂಖ್ಯೆ), ಎರಕದ ದಿನಾಂಕ, ರಂಧ್ರದ ಜಾಗ ಮತ್ತು ಗಾತ್ರ, ಸ್ಕೇಲ್ ಪಕ್ಕದಲ್ಲಿಟ್ಟು ತೆಗೆದ ಚಿತ್ರ, ಎಷ್ಟರಲ್ಲಿ ಎಷ್ಟು ಎಂಬ ಲೆಕ್ಕ ಹೋದರೆ ಮಾತ್ರ ಫೌಂಡ್ರಿಯವರು ಮರಳಿನ ತೇವವನ್ನೋ ಗಾಳಿ ಹೋಗುವ ದಾರಿಯನ್ನೋ ಪರೀಕ್ಷಿಸಲು ಸಾಧ್ಯ. ಇಂಪ್ರೆಗ್ನೇಷನ್ ಮಾಡಿಸಿ (ರಾಳ ತುಂಬಿಸಿ) ರಂಧ್ರ ಮುಚ್ಚಿಸೋಣ ಎಂಬ ಪ್ರಸ್ತಾಪ ಬಂದರೆ, ಡ್ರಾಯಿಂಗ್ ಅದಕ್ಕೆ ಅವಕಾಶ ಕೊಟ್ಟಿದೆಯೇ ನೋಡಿ. ಇಲ್ಲದಿದ್ದರೆ ಅದೂ ರಿಪೇರಿಯೇ.

ಸರಿಪಡಿಸುವ ಕೆಲಸವೂ ದಾಖಲೆ ಬೇಡುತ್ತದೆ

ಈ ವಿಷಯದಲ್ಲಿ ಇತ್ತೀಚಿನ ವರ್ಷಗಳ ಅತಿದೊಡ್ಡ ಪಾಠ ಅಮೆರಿಕದಿಂದ ಬಂದಿದೆ. 2024ರ ಜನವರಿ 5ರಂದು ಅಲಾಸ್ಕಾ ಏರ್‌ಲೈನ್ಸ್‌ನ 1282ನೇ ಹಾರಾಟದ ಬೋಯಿಂಗ್ 737-9 ವಿಮಾನ ಪೋರ್ಟ್‌ಲ್ಯಾಂಡ್‌ನಿಂದ ಏರುತ್ತಿದ್ದಾಗ ಎಡಬದಿಯ ಡೋರ್ ಪ್ಲಗ್ ಕಿತ್ತುಹೋಯಿತು. ಬಳಸದ ತುರ್ತು ಬಾಗಿಲಿನ ಜಾಗವನ್ನು ಮುಚ್ಚುವ ಫಲಕ ಅದು. ಯಾರೂ ಸಾಯಲಿಲ್ಲ. ತನಿಖೆಯಲ್ಲಿ ಗೊತ್ತಾದದ್ದು: ಫಲಕ ಮೇಲಕ್ಕೆ ಜಾರದಂತೆ ಹಿಡಿಯುವ ನಾಲ್ಕು ಬೋಲ್ಟ್‌ಗಳು ಅಲ್ಲಿ ಇರಲೇ ಇಲ್ಲ.

ಇದಕ್ಕೆ ನಾಲ್ಕು ತಿಂಗಳ ಹಿಂದೆ, 2023ರ ಆಗಸ್ಟ್ 31ರಂದು ಆ ವಿಮಾನದ ಒಡಲು ಬೋಯಿಂಗ್‌ನ ರೆಂಟನ್ ಕಾರ್ಖಾನೆಗೆ ಬಂದಿತ್ತು. ಡೋರ್ ಪ್ಲಗ್ ಪಕ್ಕದ ಚೌಕಟ್ಟಿನಲ್ಲಿ ಐದು ರಿವೆಟ್‌ಗಳು ಹಾಳಾಗಿರುವುದು ಮರುದಿನವೇ ದಾಖಲಾಯಿತು. ವ್ಯವಸ್ಥೆ ಹೇಗೆ ನಡೆಯಬೇಕೋ ಹಾಗೆಯೇ ನಡೆಯಿತು: ಅನನುಸರಣೆಯ ದಾಖಲೆ ಹುಟ್ಟಿತು, ಒಡಲು ತಯಾರಿಸಿದ ಸ್ಪಿರಿಟ್ ಏರೊಸಿಸ್ಟಮ್ಸ್‌ನ ಸಿಬ್ಬಂದಿ ರಿವೆಟ್ ಬದಲಿಸಿದರು, ಸೆಪ್ಟೆಂಬರ್ 19ರಂದು ಆ ದಾಖಲೆ ಮುಕ್ತಾಯವಾಯಿತು. ಆದರೆ ರಿವೆಟ್‌ಗಳನ್ನು ತಲುಪಲು ಡೋರ್ ಪ್ಲಗ್ ತೆರೆಯಬೇಕಿತ್ತು, ತೆರೆಯಲು ಬೋಲ್ಟ್ ಬಿಚ್ಚಬೇಕಿತ್ತು. ತೆರೆದದ್ದಕ್ಕೆ ದಾಖಲೆ ಹುಟ್ಟಲಿಲ್ಲ. ದಾಖಲೆ ಇಲ್ಲದ್ದರಿಂದ ಮತ್ತೆ ಮುಚ್ಚಿದ ಮೇಲೆ ತಪಾಸಣೆ ಮಾಡಬೇಕೆಂದು ಯಾರಿಗೂ ಕೆಲಸ ಬೀಳಲಿಲ್ಲ. ಸಿಬ್ಬಂದಿ ಪರಸ್ಪರ ಕಳಿಸಿಕೊಂಡ ಸಂದೇಶವೊಂದರ ಚಿತ್ರದಲ್ಲಿ, ನಾಲ್ಕು ಬೋಲ್ಟ್‌ಗಳ ಜಾಗಗಳಲ್ಲಿ ಕಾಣುತ್ತಿದ್ದ ಮೂರು ಖಾಲಿ ಇದ್ದವು, ನಾಲ್ಕನೆಯದನ್ನು ನಿರೋಧಕ ಹೊದಿಕೆ ಮುಚ್ಚಿತ್ತು. ಅಕ್ಟೋಬರ್ 31ರಂದು ವಿಮಾನ ಗ್ರಾಹಕರ ಕೈ ಸೇರಿತು.

ಚಿಕ್ಕ ದೋಷಕ್ಕೆ ಪರಿಪೂರ್ಣ ದಾಖಲೆ, ಅದನ್ನು ಸರಿಪಡಿಸಲು ಕದಲಿಸಿದ ದೊಡ್ಡ ಭಾಗಕ್ಕೆ ಒಂದು ಸಾಲೂ ಇಲ್ಲ. ಹಾಗಾಗಿ ಜರಡಿಗೆ ಏಳನೇ ಪ್ರಶ್ನೆ ಸೇರಿಸಿ: ಇದನ್ನು ಸರಿಮಾಡಲು, ಈಗಾಗಲೇ ತಪಾಸಣೆಯಾಗಿ ಒಪ್ಪಿಗೆಯಾದ ಬೇರೆ ಯಾವುದನ್ನಾದರೂ ಬಿಚ್ಚಬೇಕೇ, ಸಡಿಲಿಸಬೇಕೇ, ಕತ್ತರಿಸಬೇಕೇ? ಹೌದಾದರೆ ಬಿಚ್ಚುವುದನ್ನೂ ಮತ್ತೆ ಜೋಡಿಸುವುದನ್ನೂ ಮರುತಪಾಸಣೆಯನ್ನೂ ವರದಿಯಲ್ಲೇ ಹಂತ ಹಂತವಾಗಿ ಬರೆಯಿರಿ. ಪೂರ್ತಿ ಕಳಚುವುದು, ಬರೀ ತೆರೆಯುವುದು ಎಂದು ಭೇದ ಮಾಡಬೇಡಿ. ಬೋಲ್ಟ್ ತಿರುಗಿತು ಎಂದರೆ ಹಿಂದಿನ ತಪಾಸಣೆಯ ಸಹಿಗೆ ಬೆಲೆಯಿಲ್ಲ.

ನಾಲ್ಕನೇ ಹೆಜ್ಜೆ: ವರದಿ ಬರೆಯುವ ಬಗೆ

ಹೆಚ್ಚಿನ ಎನ್‌ಸಿಆರ್‌ಗಳಲ್ಲಿ ದೋಷದ ವಿವರಣೆ ಹೀಗಿರುತ್ತದೆ: "ಶಾಫ್ಟ್ ಸೈಜ್ ಕಡಿಮೆ ಇದೆ, ಆಪರೇಟರ್ ಸರಿಯಾಗಿ ನೋಡಿಲ್ಲ." ಇದರಿಂದ ತೀರ್ಮಾನ ತೆಗೆದುಕೊಳ್ಳುವವನಿಗೆ ಏನೂ ಉಪಯೋಗವಿಲ್ಲ. ಹೀಗೆ ಬರೆಯಿರಿ: "ಬೇರಿಂಗ್ ಕೂರುವ ವ್ಯಾಸ. ಅಗತ್ಯ: 24.987–25.000 ಮಿ.ಮೀ. ದೊರೆತದ್ದು: 24.984, 24.984, 24.985 (ಮೂರು ಕಡೆ). ಲಾಟ್‌ನಲ್ಲಿ 60, ಅಳೆದದ್ದು 60, ಹೊಂದದವು 4, ಕ್ರಮಸಂಖ್ಯೆ 31ರಿಂದ 34. ಅಂತಿಮ ಗ್ರೈಂಡಿಂಗ್ ನಂತರದ ತಪಾಸಣೆಯಲ್ಲಿ ಪತ್ತೆ. ತಣಿಸಿದ ಮೇಲೆ ಎರಡನೇ ಉಪಕರಣದಿಂದ ದೃಢಪಟ್ಟಿದೆ." ಅಗತ್ಯ ಏನಿತ್ತು, ಸಿಕ್ಕಿದ್ದು ಏನು, ಎಷ್ಟರಲ್ಲಿ ಎಷ್ಟು, ಎಲ್ಲಿ ಪತ್ತೆಯಾಯಿತು, ಯಾವುದರಿಂದ ಅಳೆದಿರಿ. ಉಪಕರಣದ ಗುರುತಿನ ಸಂಖ್ಯೆಯೂ ಇರಲಿ. 31ರಿಂದ 34 ಎಂಬ ಪುಟ್ಟ ವಿವರವೇ ಕಾರಣದ ಕಡೆ ಬೆರಳು ತೋರಿಸುತ್ತಿದೆ: ಗ್ರೈಂಡಿಂಗ್ ಚಕ್ರವನ್ನು ಡ್ರೆಸ್ಸಿಂಗ್ ಮಾಡಿದ (ಅದರ ಮುಖವನ್ನು ಕೆತ್ತಿ ಹೊಸದಾಗಿಸಿದ) ಮೇಲಿನ ಮೊದಲ ನಾಲ್ಕು ತುಣುಕುಗಳೇ ಎಂದು ನೋಡಿ.

ವಿವರಣೆಯಲ್ಲಿ ಕಾರಣ ಬರೆಯಬೇಡಿ, ಯಾರ ಹೆಸರನ್ನೂ ಬರೆಯಬೇಡಿ. ಕಾರಣ ಆಗ ಇನ್ನೂ ಗೊತ್ತಿರುವುದಿಲ್ಲ, ಹೆಸರು ಬರೆದರೆ ಮುಂದಿನ ಸಲ ದೋಷ ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ತೀರ್ಮಾನದ ಜಾಗದಲ್ಲಿ ಐದೇ ಆಯ್ಕೆ: ರಿವರ್ಕ್, ರಿಪೇರಿ, ಇದ್ದಂತೆ ಬಳಕೆ, ಸರಬರಾಜುದಾರರಿಗೆ ವಾಪಸ್, ಸ್ಕ್ರ್ಯಾಪ್. ಪ್ರತಿಯೊಂದಕ್ಕೂ ಯಾರು ಸಹಿ ಮಾಡಬಹುದು ಎಂಬ ಪಟ್ಟಿಯನ್ನು ಹೆಸರು ಅಥವಾ ಹುದ್ದೆ ಸಮೇತ ಮೊದಲೇ ಮಾಡಿಡಿ. ದೊಡ್ಡ ಘಟಕಗಳಲ್ಲಿ ವಿನ್ಯಾಸ, ಗುಣಮಟ್ಟ, ಉತ್ಪಾದನಾ ವಿಭಾಗಗಳ ಮಂದಿ ಸೇರಿದ ಮಟೀರಿಯಲ್ ರಿವ್ಯೂ ಬೋರ್ಡ್ ಇದನ್ನು ನೋಡುತ್ತದೆ. ಸಣ್ಣ ಘಟಕದಲ್ಲಿ ಇಬ್ಬರು ಸಾಕು, ಆದರೆ ರವಾನೆಯ ಗುರಿ ಹೊತ್ತವನು ಒಬ್ಬನೇ ಸಹಿ ಮಾಡುವಂತಿರಬಾರದು. ಸ್ಕ್ರ್ಯಾಪ್ ಎಂದು ಬರೆದದ್ದನ್ನು ಮತ್ತೆ ಬಳಸಲಾಗದಂತೆ ಕೆಡಿಸಿ: ಕತ್ತರಿಸಿ, ಜಜ್ಜಿ, ಥ್ರೆಡ್ ಹಾಳುಮಾಡಿ. ತಿಂಗಳ ಕೊನೆಯ ರಾತ್ರಿ ಲೆಕ್ಕಕ್ಕೆ ಎರಡು ತುಣುಕು ಕಡಿಮೆ ಬಿದ್ದಾಗ ಕೆಂಪು ಪೆಟ್ಟಿಗೆಯ ಮುಚ್ಚಳ ತಾನಾಗಿ ತೆರೆದುಕೊಳ್ಳುವ ಕಾರ್ಖಾನೆಗಳಿವೆ.

ಕನ್ಸೆಷನ್ ಎಂಬ ಜಾರುಬಂಡೆ

ಗ್ರಾಹಕರು ಒಮ್ಮೆ ಒಪ್ಪಿದರೆ ಅದು ಆ ಲಾಟ್‌ಗೆ, ಆ ಸಂಖ್ಯೆಗೆ, ಆ ಅವಧಿಗೆ ಮಾತ್ರ. "ಹಿಂದಿನ ಸಲ ಒಪ್ಪಿದ್ದರಲ್ಲ" ಎಂಬ ವಾದಕ್ಕೆ ಕಡತದಲ್ಲಿ ಜಾಗವಿಲ್ಲ. ಒಂದೇ ಅಳತೆಗೆ ಮೂರನೇ ಸಲ ಕನ್ಸೆಷನ್ ಕೇಳುತ್ತಿದ್ದೀರಿ ಎಂದರೆ ನಿಮ್ಮ ಪ್ರಕ್ರಿಯೆಗೆ ಆ ಮಿತಿ ಹಿಡಿಯುವ ಸಾಮರ್ಥ್ಯವಿಲ್ಲ, ಅಥವಾ ಡ್ರಾಯಿಂಗ್‌ನ ಮಿತಿ ಅನಗತ್ಯವಾಗಿ ಬಿಗಿಯಾಗಿದೆ. ಎರಡರಲ್ಲೊಂದನ್ನು ಬದಲಿಸಿ.

ಅನುಮತಿ ಕೇಳುವುದನ್ನೇ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಜಪಾನಿನ ಕೋಬೆ ಸ್ಟೀಲ್ ಸಾಕ್ಷಿ. ಮಿತಿಗೆ ಸ್ವಲ್ಪ ಹೊರಗಿರುವ ಮಾಲನ್ನು ಗ್ರಾಹಕರ ಒಪ್ಪಿಗೆ ಪಡೆದು ಕಳಿಸುವ ಪದ್ಧತಿ ಅಲ್ಲಿನ ಉದ್ಯಮದಲ್ಲಿ ಹಿಂದಿನಿಂದಲೂ ಇದೆ. ಆ ಒಪ್ಪಿಗೆಯನ್ನು ಪಡೆಯದೆ, ಹೊಂದದ ಅಲ್ಯೂಮಿನಿಯಂ ಮತ್ತು ತಾಮ್ರದ ಉತ್ಪನ್ನಗಳ ತಪಾಸಣಾ ಅಂಕಿಗಳನ್ನೇ ತಿದ್ದಿ ಕಳಿಸಲಾಗಿತ್ತು ಎಂದು 2017ರ ಅಕ್ಟೋಬರ್‌ನಲ್ಲಿ ಕಂಪನಿಯೇ ಒಪ್ಪಿಕೊಂಡಿತು. ಕಾರು, ರೈಲು, ವಿಮಾನ ತಯಾರಕರು ಸೇರಿ ನೂರಾರು ಗ್ರಾಹಕರು ತಮ್ಮ ಉತ್ಪನ್ನಗಳ ಸುರಕ್ಷತೆಯನ್ನು ಮತ್ತೆ ಪರಿಶೀಲಿಸಬೇಕಾಯಿತು.

ಮಾಲು ಹೊರಟುಹೋದ ಮೇಲೆ

ಇಲ್ಲಿ ಜರಡಿಯೇ ಬೇಡ, ನೇರ ಎನ್‌ಸಿಆರ್, ಆಮೇಲೆ ಗ್ರಾಹಕರಿಗೆ ಸುದ್ದಿ. ಅವರೇ ಕಂಡುಹಿಡಿಯುವವರೆಗೆ ಕಾಯಬೇಡಿ. ಯಾವ ಇನ್‌ವಾಯ್ಸ್, ಯಾವ ಲಾಟ್, ಎಷ್ಟು ತುಣುಕು ಎಂದು ಮೊದಲ ಪತ್ರದಲ್ಲೇ ಹೇಳಿ.

ಹಲವರು ಮರೆಯುವ ಒಂದು ಸಂದರ್ಭ ಕ್ಯಾಲಿಬ್ರೇಷನ್. ವರ್ಷಕ್ಕೊಮ್ಮೆ ಪ್ರಯೋಗಾಲಯಕ್ಕೆ ಹೋದ ಮೈಕ್ರೊಮೀಟರ್ 5 ಮೈಕ್ರಾನ್ ತಪ್ಪು ತೋರಿಸುತ್ತಿದೆ ಎಂಬ ವರದಿ ಬರುತ್ತದೆ. ಸರಿಪಡಿಸಿ ಹೊಸ ಸ್ಟಿಕ್ಕರ್ ಅಂಟಿಸಿ ಮುಂದುವರಿಯುತ್ತಾರೆ. ಆದರೆ ಕಳೆದ ಸರಿಯಾದ ಕ್ಯಾಲಿಬ್ರೇಷನ್‌ನಿಂದ ಇಲ್ಲಿಯವರೆಗೆ ಆ ಉಪಕರಣದಿಂದ ಪಾಸಾದದ್ದೆಲ್ಲದರ ಫಲಿತಾಂಶ ಇನ್ನೂ ನಂಬಲರ್ಹವೇ ಎಂದು ನಿರ್ಧರಿಸುವುದು ಐಎಸ್‌ಒ 9001ರ 7.1.5.2ನೇ ಉಪವಿಭಾಗದ ಪ್ರಕಾರ ನಿಮ್ಮ ಹೊಣೆ. 0.1 ಮಿ.ಮೀ. ಮಿತಿಯ ಕೆಲಸಕ್ಕೆ ಬಳಸಿದ್ದರೆ ಎರಡು ಸಾಲಿನ ಸಮರ್ಥನೆ ಸಾಕಾದೀತು. ಎಚ್6 ಶಾಫ್ಟ್‌ಗೆ ಬಳಸಿದ್ದರೆ ಹಳೆಯ ತಪಾಸಣಾ ಹಾಳೆಗಳನ್ನು ತೆಗೆದು, ಅಂಚಿನ ಐದು ಮೈಕ್ರಾನ್‌ನಲ್ಲಿ ಪಾಸಾದವು ಎಷ್ಟು, ಅವು ಯಾರಿಗೆ ಹೋದವು ಎಂದು ಹುಡುಕಬೇಕು. ಅಳತೆಯ ಅಂಕಿ ಬರೆಯದೆ ಬರೀ "ಓಕೆ" ಎಂದು ಟಿಕ್ ಹಾಕುವ ಹಾಳೆಗಳಿಂದ ಆಗುವ ನಷ್ಟ ಆ ದಿನ ಗೊತ್ತಾಗುತ್ತದೆ.

ಪ್ರತಿ ಎನ್‌ಸಿಆರ್‌ಗೂ ಮೂಲಕಾರಣ ಹುಡುಕಬೇಕೇ?

ಬೇಡ. ವಸ್ತುವನ್ನು ಏನು ಮಾಡಬೇಕು ಎಂಬುದು ಎನ್‌ಸಿಆರ್‌ನ ಕೆಲಸ. ಅದು ಮತ್ತೆ ಬರದಂತೆ ಮಾಡುವುದು ಬೇರೆ ಕೆಲಸ, ಐಎಸ್‌ಒ 9001ರ 10.2ನೇ ವಿಭಾಗ ಅದರ ಅಗತ್ಯ ಇದೆಯೇ ಎಂದು ಮೊದಲು ಪರಿಶೀಲಿಸಿ ಎನ್ನುತ್ತದೆ. ಎಲ್ಲದಕ್ಕೂ "ಐದು ಏಕೆ" (ಐದು ಸಲ ಏಕೆ ಎಂದು ಕೇಳುತ್ತ ಮೂಲಕಾರಣ ಹುಡುಕುವ ವಿಧಾನ) ಕಡ್ಡಾಯ ಮಾಡಿದ ಕಡೆ ಐದನೇ ಏಕೆಯ ಉತ್ತರ ಯಾವಾಗಲೂ ಒಂದೇ: "ಆಪರೇಟರ್‌ನ ಅಜಾಗರೂಕತೆ. ತರಬೇತಿ ನೀಡಲಾಗಿದೆ." ಚಕ್ರದ ಡ್ರೆಸ್ಸಿಂಗ್ ಆದ ಮೇಲೆ ಯಂತ್ರಕ್ಕೆ ಕೊಡಬೇಕಾದ ಅಳತೆಯ ತಿದ್ದುಪಡಿ ತಪ್ಪಿದ್ದಕ್ಕೆ ಆಪರೇಟರ್‌ಗೆ ಅರ್ಧ ಗಂಟೆ ಪಾಠ ಹೇಳುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ. ವಾರಕ್ಕೊಮ್ಮೆ ಎನ್‌ಸಿಆರ್‌ಗಳನ್ನೂ ರಿವರ್ಕ್ ರಿಜಿಸ್ಟರನ್ನೂ ಒಟ್ಟಿಗೆ ಹರಡಿಕೊಂಡು ಕೂತು, ಹಣ ತಿಂದದ್ದು ಯಾವುದು, ಗ್ರಾಹಕರನ್ನು ತಲುಪಿದ್ದು ಯಾವುದು, ಮರಳಿ ಮರಳಿ ಬಂದದ್ದು ಯಾವುದು ಎಂದು ಎರಡೋ ಮೂರೋ ಆರಿಸಿ. ಅವುಗಳ ಬೇರು ಅಗೆಯಿರಿ, ಉಳಿದವನ್ನು ಮುಚ್ಚಿ.

ಜಾರಿಗೆ ತರುವಾಗ

ಏಳು ಪ್ರಶ್ನೆಗಳನ್ನು ಒಂದೇ ಹಾಳೆಯಲ್ಲಿ, ಕನ್ನಡದಲ್ಲಿ, ನಿಮ್ಮದೇ ಭಾಗಗಳ ಉದಾಹರಣೆಯೊಂದಿಗೆ ಬರೆದು ತಪಾಸಣಾ ಮೇಜಿನ ಮುಂದೆ ಅಂಟಿಸಿ. ಗೀರು, ಕಲೆ, ಬಣ್ಣದ ವ್ಯತ್ಯಾಸದಂಥ ಕಣ್ಣಳತೆಯ ದೋಷಗಳಿಗೆ ಹಾಳೆ ಸಾಲದು, ಗ್ರಾಹಕರು ಸಹಿ ಮಾಡಿದ ಮಿತಿ ಮಾದರಿಗಳನ್ನು ಪಕ್ಕದಲ್ಲಿಡಿ. ಅನುಮಾನ ಬಂದಾಗ ರಾತ್ರಿ ಪಾಳಿಯಲ್ಲಿ ಯಾರಿಗೆ ಕರೆ ಮಾಡಬೇಕು ಎಂಬ ಸಂಖ್ಯೆ ಅದೇ ಹಾಳೆಯಲ್ಲಿರಲಿ. ಯಾರೂ ಸಿಗದಿದ್ದರೆ ಉತ್ತರ ಹೋಲ್ಡ್.

ಮೊದಲ ಎರಡು ಮೂರು ತಿಂಗಳು ಎನ್‌ಸಿಆರ್ ಸಂಖ್ಯೆ ಏರುತ್ತದೆ, ಈ ಮಾತನ್ನು ಮಾಲೀಕರಿಗೆ ಮೊದಲೇ ಹೇಳಿಡಿ. ಹಿಂದೆ ಕಾಣದೇ ಹೋಗುತ್ತಿದ್ದದ್ದು ಈಗ ಲೆಕ್ಕಕ್ಕೆ ಸಿಗುತ್ತಿದೆ ಅಷ್ಟೇ. ಆ ಸಂಖ್ಯೆಯನ್ನು ಯಾರ ಇನ್‌ಕ್ರಿಮೆಂಟ್‌ಗೂ, ಯಾವ ವಿಭಾಗದ ಬಹುಮಾನಕ್ಕೂ ಜೋಡಿಸಬೇಡಿ, ಜೋಡಿಸಿದ ಮರುತಿಂಗಳೇ ಅದು ಸೊನ್ನೆಯಾಗುತ್ತದೆ. ಬದಲಿಗೆ ಎರಡು ಅಂಕಿ ನೋಡಿ: ತೀರ್ಮಾನವಾಗದೆ ಮೂವತ್ತು ದಿನ ದಾಟಿದ ವರದಿಗಳು ಎಷ್ಟು, ಗ್ರಾಹಕರಿಂದ ಬಂದ ದೂರುಗಳಲ್ಲಿ ನಮ್ಮ ರಿಜಿಸ್ಟರ್‌ನಲ್ಲಾಗಲಿ ಎನ್‌ಸಿಆರ್‌ನಲ್ಲಾಗಲಿ ಮೊದಲೇ ಸುಳಿವು ಇದ್ದವು ಎಷ್ಟು. ಎರಡನೆಯ ಅಂಕಿ ಏರುತ್ತಿದ್ದರೆ ರಿಜಿಸ್ಟರ್‌ಗೆ ಹೋಗಬಾರದ್ದು ಹೋಗುತ್ತಿದೆ ಎಂದರ್ಥ. ಆಗ ಜರಡಿಯ ಐದನೇ ಪ್ರಶ್ನೆಯ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿ, ಮುಂದಿನ ತಿಂಗಳು ಮತ್ತೆ ನೋಡಿ.